ಮಿನಿ ಟ್ರ್ಯಾಕ್ಟರ್ ಬ್ಯಾಟರಿ ಬದಲಿಸುವುದು: ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ

ಟ್ರ್ಯಾಕ್ಟರ್ ಬ್ಯಾಟರಿ ಬದಲಿಸುವುದು ಅರ್ಧ ಗಂಟೆಯ ಕೆಲಸ. ಸುಲಭ ಅಂದುಕೊಂಡೇ ಜನ ಎಡವುತ್ತಾರೆ. ಅಡಿಕೆ ತೋಟ, ದ್ರಾಕ್ಷಿ ತೋಟ ಇರುವ ಕಡೆಯೆಲ್ಲ ಈಗ ಮಿನಿ ಟ್ರ್ಯಾಕ್ಟರ್ ಬಂದಿವೆ. ಅವುಗಳ ಬ್ಯಾಟರಿ ಬಿಚ್ಚುವುದನ್ನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಕೈಗೆ ಹತ್ತಿರ ಸಿಕ್ಕ ಟರ್ಮಿನಲ್ಲನ್ನೇ ಮೊದಲು ಬಿಚ್ಚುತ್ತಾರೆ. ಬರಲಿಲ್ಲ ಅಂದರೆ ಸುತ್ತಿಗೆ ತರುತ್ತಾರೆ. ಬಾಯಲ್ಲಿ ಬೀಡಿ ಇಟ್ಟುಕೊಂಡೇ ಸೆಲ್ ಮುಚ್ಚಳ ತೆಗೆದು ಬಗ್ಗಿ ನೋಡುತ್ತಾರೆ. ಕೊನೆಗೆ ಹೊಸ ಬ್ಯಾಟರಿಯನ್ನು ಸೈಕಲ್ ಟ್ಯೂಬಿನಲ್ಲಿ ಕಟ್ಟಿ ಬಾನೆಟ್ ಮುಚ್ಚುತ್ತಾರೆ. ಇದರಲ್ಲಿ ಒಂದೊಂದೂ ಕಣ್ಣಿಗೋ ಕೈಗೋ ಜೇಬಿಗೋ ಪೆಟ್ಟು ಕೊಡುವಂಥದ್ದು. ಅದಕ್ಕೇ ಈ ಬರಹ.

ಬ್ಯಾಟರಿ ನಿಜವಾಗಿ ಹೋಗಿದೆಯಾ?

ಸೆಲ್ಫ್ ಹೊಡೆದಾಗ ಕಟಕಟ ಅಂದು ಸುಮ್ಮನಾದರೆ ಬ್ಯಾಟರಿ ಹೋಯಿತು ಅಂತ ತೀರ್ಮಾನಿಸಬೇಡಿ. ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕೂತಿದ್ದರೂ, ಬಾಡಿ ಅರ್ಥ್ (ಮೈನಸ್ ವೈರನ್ನು ಗಾಡಿಯ ಕಬ್ಬಿಣಕ್ಕೆ ಬಿಗಿದಿರುವ ಜಾಗ) ಸಡಿಲವಾಗಿದ್ದರೂ ಹೀಗೇ ಆಗುತ್ತದೆ. ಕೆಲವು ನೂರು ರೂಪಾಯಿಗೆ ಒಂದು ಮಲ್ಟಿಮೀಟರ್ ಸಿಗುತ್ತದೆ. ಟ್ರ್ಯಾಕ್ಟರ್ ಇರುವ ಮನೆಯಲ್ಲಿ ಅದು ಇರಲೇಬೇಕು.

ಗಾಡಿ ಕೆಲವು ಗಂಟೆ ನಿಂತ ಮೇಲೆ ಮೀಟರ್ ಇಟ್ಟು ನೋಡಿ. 12.6 ವೋಲ್ಟ್ ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಪೂರ್ತಿ ಚಾರ್ಜ್. 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಖಾಲಿ. ಖಾಲಿಯಾದ ಬ್ಯಾಟರಿ ಬೇರೆ, ಸತ್ತ ಬ್ಯಾಟರಿ ಬೇರೆ. ಒಮ್ಮೆ ಪೂರ್ತಿ ಚಾರ್ಜ್ ಮಾಡಿಸಿ, ಮತ್ತೆ ನೋಡಿ. ಸೀಟಿನಲ್ಲಿ ಕೂತವರು ಸೆಲ್ಫ್ ಹೊಡೆಯುವಾಗ ಮೀಟರ್ 9.6 ವೋಲ್ಟಿಗಿಂತ ಕೆಳಗೆ ಕುಸಿದರೆ ಬ್ಯಾಟರಿಯ ಕಥೆ ಮುಗಿದಂತೆ.

ಎಂಜಿನ್ ಓಡುವಾಗಲೂ ಅಳೆಯಿರಿ. ಸ್ವಲ್ಪ ರೇಸ್ ಕೊಟ್ಟಾಗ 13.8ರಿಂದ 14.4ರ ಆಸುಪಾಸು ಬರಬೇಕು. 12ರಲ್ಲೇ ನಿಂತಿದ್ದರೆ ತೊಂದರೆ ಡೈನಮೋದಲ್ಲಿ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ, ಈಗಿನ ಗಾಡಿಗಳಲ್ಲಿ ಆಲ್ಟರ್ನೇಟರ್), ಬೆಲ್ಟಿನಲ್ಲಿ ಅಥವಾ ರೆಗ್ಯುಲೇಟರಿನಲ್ಲಿದೆ. ಅದನ್ನು ಸರಿಮಾಡದೆ ಹೊಸ ಬ್ಯಾಟರಿ ಹಾಕಿದರೆ ಅದೂ ಬೇಗ ಮಲಗುತ್ತದೆ. ಡೈನಮೋ ಪರೀಕ್ಷೆ ಅಂತ ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ಕೀಳುವ ಅಭ್ಯಾಸ ಹಲವರಿಗಿದೆ. ಹಳೆಯ ಕಾಲದ ಡೈನಮೋಗೆ ಅದು ನಡೆದಿರಬಹುದು. ಈಗಿನ ಆಲ್ಟರ್ನೇಟರಿನಲ್ಲಿ ವೋಲ್ಟೇಜ್ ಒಮ್ಮೆಲೇ ಏರಿ ಡಯೋಡ್, ರೆಗ್ಯುಲೇಟರ್ ಸುಡುತ್ತವೆ. ಯಾರು ಹೇಳಿದರೂ ಬೇಡ.

ಕೊಳ್ಳುವಾಗ ಮೂರು ವಿಷಯ

ಎಎಚ್ (ಆಂಪಿಯರ್-ಅವರ್, ಅಂದರೆ ಬ್ಯಾಟರಿಯ ಸಾಮರ್ಥ್ಯ), ಅಳತೆ, ಟರ್ಮಿನಲ್ ಯಾವ ಕಡೆ. ಎಎಚ್ ಎಷ್ಟಿರಬೇಕು ಅಂತ ಟ್ರ್ಯಾಕ್ಟರಿನ ಪುಸ್ತಕದಲ್ಲಿ ಇರುತ್ತದೆ. ಹಳೆಯ ಬ್ಯಾಟರಿಯ ಲೇಬಲ್ ಮಾತ್ರ ನಂಬಬೇಡಿ, ಹಿಂದಿನ ಸಲ ಯಾರಾದರೂ ತಪ್ಪು ಹಾಕಿರಬಹುದು. ಪುಸ್ತಕದಲ್ಲಿ ಇರುವುದಕ್ಕಿಂತ ಕಡಿಮೆ ಬೇಡ. ಗಾಡಿಯಲ್ಲಿ ಬ್ಯಾಟರಿ ಇಡುವ ತಟ್ಟೆಯಲ್ಲಿ ಸರಿಯಾಗಿ ಕೂರುವುದಾದರೆ ಸ್ವಲ್ಪ ಜಾಸ್ತಿ ಇದ್ದರೆ ತೊಂದರೆಯಿಲ್ಲ.

ಟರ್ಮಿನಲ್ ಕಡೆಯನ್ನು ಮರೆಯುವವರೇ ಜಾಸ್ತಿ. ಒಂದೇ ಅಳತೆಯ ಬ್ಯಾಟರಿಗಳಲ್ಲಿ ಪ್ಲಸ್ ಎಡಕ್ಕಿರುವುದೂ ಇದೆ, ಬಲಕ್ಕಿರುವುದೂ ಇದೆ. ತಪ್ಪಾದದ್ದು ತಂದರೆ ವೈರ್ ಮುಟ್ಟುವುದಿಲ್ಲ. ಆಗ ಎಳೆದು, ತಿರುಚಿ, ಬ್ಯಾಟರಿಯ ಮೇಲಿನಿಂದ ಅಡ್ಡ ಹಾಯಿಸಿ ಹೇಗೋ ಕೂರಿಸುತ್ತಾರೆ. ಅದು ಬಾನೆಟ್ಟಿಗೆ ಉಜ್ಜಿ ಉಜ್ಜಿ ಮೇಲಿನ ರಬ್ಬರ್ ಹರಿದರೆ ಬೆಂಕಿಗೆ ಅಷ್ಟೇ ಸಾಕು. ಅಂಗಡಿಗೆ ಹೋಗುವ ಮೊದಲು ಹಳೆಯ ಬ್ಯಾಟರಿ ಕೂತಿರುವಂತೆಯೇ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಪ್ಲಸ್ಸಿನ ಕ್ಲ್ಯಾಂಪಿಗೆ (ಟರ್ಮಿನಲ್ಲನ್ನು ಕಚ್ಚಿ ಹಿಡಿಯುವ ವೈರಿನ ತುದಿ) ಸಣ್ಣ ವೈರುಗಳು ಸೇರಿದ್ದರೆ ಅವೂ ಕಾಣುವಂತಿರಲಿ. ಮತ್ತೆ ಜೋಡಿಸುವಾಗ ಅದೇ ಫೋಟೊ ಬೇಕಾಗುತ್ತದೆ.

ಅಗ್ಗಕ್ಕೆ ಸಿಕ್ಕಿತು ಅಂತ ಕಾರಿನ ಬ್ಯಾಟರಿ ಹಾಕಬೇಡಿ. ಟ್ರ್ಯಾಕ್ಟರಿನ ಕುಲುಕಾಟ ತಡೆಯುವಂತೆ ಮಾಡಿದ ಬ್ಯಾಟರಿಗಳು ಬೇರೆ ಇವೆ. 'ರೀಕಂಡೀಶನ್' ಮಾಡಿದ್ದಂತೂ ಬೇಡವೇ ಬೇಡ. ಒಳಗಿನ ಪ್ಲೇಟು ಸವೆದಿರುವಾಗ ಹೊಸ ಆಸಿಡ್ ಹಾಕಿ, ಹೊಸ ಸ್ಟಿಕರ್ ಅಂಟಿಸಿದರೆ ಏನು ಪ್ರಯೋಜನ? ಒಣ ಬ್ಯಾಟರಿಗೆ ಅಂಗಡಿಯಲ್ಲೇ ಆಸಿಡ್ ತುಂಬಿ ಕೊಡುವುದಾದರೆ ಮೊದಲ ಚಾರ್ಜ್ ಪೂರ್ತಿ ಆಗುವವರೆಗೆ ಅಲ್ಲೇ ಬಿಡಿ. ಅವಸರ ಮಾಡಿ ತಂದರೆ ಅದರ ಆಯಸ್ಸನ್ನು ನಾವೇ ಕಡಿಮೆ ಮಾಡಿದಂತೆ. ವಾರಂಟಿ ಕಾರ್ಡಿಗೆ ಸೀಲು, ದಿನಾಂಕ, ಬ್ಯಾಟರಿಯ ನಂಬರ್ ಹಾಕಿಸಿಕೊಳ್ಳಿ.

ಕೈ ಹಾಕುವ ಮುನ್ನ

ಸಮತಟ್ಟಾದ ಜಾಗ, ಹ್ಯಾಂಡ್ ಬ್ರೇಕ್, ನ್ಯೂಟ್ರಲ್, ಹಿಂದಿನ ಉಪಕರಣ ನೆಲಕ್ಕೆ, ಲೈಟ್ ಆಫ್, ಕೀ ನಿಮ್ಮ ಜೇಬಿಗೆ. ಎಂಜಿನ್ ಬಿಸಿ ಇದ್ದರೆ ಆರಲಿ.

ಉಂಗುರ, ಕೈಗಡಿಯಾರ, ಕಡಗ, ಕುತ್ತಿಗೆಯ ಚೈನು, ಎಲ್ಲ ತೆಗೆದಿಡಿ. ಪ್ಲಸ್ಸಿಗೂ ಕಬ್ಬಿಣಕ್ಕೂ ನಡುವೆ ಉಂಗುರ ಸಿಕ್ಕಿದರೆ ಅದು ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ, ಬೆರಳು ಹೋಗುತ್ತದೆ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಅನ್ನುವುದು ನಿಜ. ಆದರೆ ಶಾರ್ಟ್ ಆದಾಗ ನೂರಾರು ಆಂಪಿಯರ್ ಹರಿಯುತ್ತದೆ. ಸುಡುವುದು ಅದು.

ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್. ಪಕ್ಕದಲ್ಲಿ ಒಂದು ಬಕೆಟ್ ಒಳ್ಳೆಯ ನೀರು ಇರಲಿ. ಆಸಿಡ್ ಕಣ್ಣಿಗೆ ಹಾರಿದರೆ ಉಜ್ಜಬೇಡಿ. ರೆಪ್ಪೆ ಅಗಲಿಸಿ ಕನಿಷ್ಠ 15 ನಿಮಿಷ ನೀರು ಸುರಿದು ತೊಳೆದು, ನೇರ ಆಸ್ಪತ್ರೆಗೆ ಹೋಗಿ.

ಬೀಡಿ, ಸಿಗರೇಟು, ಬೆಂಕಿಕಡ್ಡಿ ಹತ್ತಿರ ಬರಬಾರದು. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ಅದು ಶೇ 4ರಷ್ಟು ಸೇರಿದರೆ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಬಾನೆಟ್ ಎತ್ತಿ ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು ಆಮೇಲೆ ಕೆಲಸ ಶುರು ಮಾಡಿ.

ಬಿಚ್ಚುವುದು: ಎಲ್ಲರೂ ತಪ್ಪುವುದು ಇಲ್ಲೇ

ಮೊದಲು ಮೈನಸ್. ಯಾವಾಗಲೂ ಮೈನಸ್. ಕಾರಣ ಗೊತ್ತಾದರೆ ಮರೆಯುವುದಿಲ್ಲ, ಅದಕ್ಕೆ ಬಿಡಿಸಿ ಹೇಳುತ್ತೇನೆ.

ನಮ್ಮ ಟ್ರ್ಯಾಕ್ಟರುಗಳಲ್ಲಿ ಬ್ಯಾಟರಿಯ ಮೈನಸ್ಸನ್ನು ಗಾಡಿಯ ಬಾಡಿಗೇ ಜೋಡಿಸಿರುತ್ತಾರೆ. ಅಂದರೆ ಎಂಜಿನ್, ಚಾಸಿ, ಬಾನೆಟ್ಟಿನ ಕಂಬಿ, ಕಣ್ಣಿಗೆ ಕಾಣುವ ಕಬ್ಬಿಣವೆಲ್ಲ ಮೈನಸ್ಸೇ. ಈಗ ನೀವು ಪ್ಲಸ್ ನಟ್ಟಿಗೆ ಮೊದಲು ಸ್ಪ್ಯಾನರ್ ಹಾಕಿದಿರಿ ಅಂದುಕೊಳ್ಳಿ. ಮಿನಿ ಟ್ರ್ಯಾಕ್ಟರಿನಲ್ಲಿ ಜಾಗ ಇಕ್ಕಟ್ಟು. ಸ್ಪ್ಯಾನರ್ ತಿರುಗಿಸುವಾಗ ಅದರ ಬಾಲ ಪಕ್ಕದ ಕಬ್ಬಿಣಕ್ಕೆ ತಾಗುತ್ತದೆ. ಪ್ಲಸ್ಸಿಂದ ಸ್ಪ್ಯಾನರ್, ಅಲ್ಲಿಂದ ಬಾಡಿ, ಬಾಡಿಯಿಂದ ಮೈನಸ್. ದಾರಿ ಪೂರ್ತಿಯಾಯಿತು. ಸ್ಪ್ಯಾನರ್ ಅಲ್ಲೇ ಬೆಸುಗೆ ಹಾಕಿದಂತೆ ಕಚ್ಚಿಕೊಳ್ಳಬಹುದು, ಬ್ಯಾಟರಿ ಸಿಡಿಯಬಹುದು.

ಅದೇ ಮೈನಸ್ ಮೊದಲು ಬಿಚ್ಚಿದರೆ? ಆ ಸ್ಪ್ಯಾನರ್ ಬಾಡಿಗೆ ತಾಗಿದರೂ ಎರಡೂ ಕಡೆ ಮೈನಸ್ಸೇ, ಏನೂ ಆಗುವುದಿಲ್ಲ. ಮೈನಸ್ ಕಳಚಿದ ಮೇಲೆ ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಕರೆಂಟಿಗೆ ಹೋಗಲು ದಾರಿಯೇ ಇರುವುದಿಲ್ಲ. ಆದರೆ ಒಂದೇ ಸ್ಪ್ಯಾನರ್ ಎರಡೂ ಟರ್ಮಿನಲ್ಲಿಗೆ ಒಟ್ಟಿಗೆ ತಾಗಿದರೆ ಆಗಲೂ ಶಾರ್ಟ್ ಆಗುತ್ತದೆ. ಅದಕ್ಕೆ ಗಿಡ್ಡ ಸ್ಪ್ಯಾನರ್ ಬಳಸಿ. ಹಿಡಿಗೆ ಇನ್ಸುಲೇಶನ್ ಟೇಪ್ ಸುತ್ತಿ. ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಯಾವುದು ಮೈನಸ್ ಅಂತ ವೈರಿನ ಬಣ್ಣ ನೋಡಿ ಹೇಳಬೇಡಿ. ಹಳೆಯ ಗಾಡಿಗಳಲ್ಲಿ ಎರಡೂ ವೈರ್ ಕಪ್ಪಗಿರುತ್ತವೆ. ಬ್ಯಾಟರಿಯ ಮೇಲೆ ಅಚ್ಚು ಹಾಕಿದ ಗುರುತು ನೋಡಿ. ಪುಡಿ ಕೂತು ಕಾಣದಿದ್ದರೆ ಕ್ಲ್ಯಾಂಪ್ ಕೂರುವ ಟರ್ಮಿನಲ್ ಕಂಬ ನೋಡಿ, ದಪ್ಪಗಿರುವುದು ಪ್ಲಸ್. ಆಮೇಲೆ ವೈರ್ ಎಲ್ಲಿಗೆ ಹೋಗುತ್ತದೆ ಅಂತ ಹಿಂಬಾಲಿಸಿ. ಬಾಡಿಗೆ ಬೋಲ್ಟ್ ಆಗಿದ್ದರೆ ಮೈನಸ್, ಸ್ಟಾರ್ಟರ್ ಮೋಟರಿಗೆ ಹೋದರೆ ಪ್ಲಸ್.

ಇನ್ನು ಕಚ್ಚಿಕೊಂಡ ಕ್ಲ್ಯಾಂಪ್. ಎರಡು ಚಮಚ ಅಡುಗೆ ಸೋಡಾ ಒಂದು ಲೋಟ ಬಿಸಿನೀರಿಗೆ ಹಾಕಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಪುಡಿಯ ಮೇಲೆ ಹಚ್ಚಿ. ನೊರೆ ಬರುತ್ತದೆ. ನೊರೆ ನಿಲ್ಲುವವರೆಗೆ ಹಚ್ಚಿ. ಸೆಲ್ ಮುಚ್ಚಳಗಳು ಬಿಗಿಯಾಗಿರಲಿ, ಒಂದು ಹನಿ ಸೋಡಾ ನೀರೂ ಒಳಗೆ ಹೋಗಬಾರದು. ನಟ್ಟು ಪೂರ್ತಿ ಸಡಿಲಿಸಿ. ಹೆಚ್ಚಾಗಿ 10, 12 ಅಥವಾ 13 ನಂಬರ್ ಸ್ಪ್ಯಾನರ್ ಹಿಡಿಯುತ್ತದೆ. ಕ್ಲ್ಯಾಂಪಿನ ಸೀಳಿನಲ್ಲಿ ಸ್ಕ್ರೂಡ್ರೈವರ್ ಇಟ್ಟು ಮೆಲ್ಲಗೆ ಅಗಲಿಸಿ, ನೇರ ಮೇಲಕ್ಕೆ ಎತ್ತಿ.

ಸುತ್ತಿಗೆ ಬೇಡ. ಎಡಕ್ಕೆ ಬಲಕ್ಕೆ ತಿರುಚುವುದೂ ಬೇಡ. ಕಂಬ ಸೀಸದ್ದು, ಮೆತ್ತಗಿನ ಲೋಹ. ಒಳಗೆ ಅದು ಪ್ಲೇಟುಗಳ ಜೋಡಣೆಗೆ ಸೇರಿರುತ್ತದೆ. ಹೊರಗೆ ಏನೂ ಕಾಣದಿದ್ದರೂ ಒಳಗೆ ಬಿರುಕು ಬಿಟ್ಟಿರುತ್ತದೆ. ಮೀಟರಿನಲ್ಲಿ 12.6 ತೋರಿಸುತ್ತದೆ, ಸೆಲ್ಫ್ ಹೊಡೆದ ತಕ್ಷಣ ಎಲ್ಲ ಸತ್ತುಹೋಗುತ್ತದೆ. ಹಳೆಯ ಬ್ಯಾಟರಿ ಹೇಗೂ ಹೋಗುವುದು ತಾನೇ ಅಂತ ಹೊಡೆದು ರೂಢಿಯಾದ ಕೈ, ಹೊಸದನ್ನು ಕೂರಿಸುವಾಗಲೂ ಹೊಡೆಯುತ್ತದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಬಿಚ್ಚಿದ ಮೈನಸ್ ವೈರನ್ನು ದೂರ ಸರಿಸಿ, ತಾನಾಗಿ ಜಿಗಿದು ತಾಗದಂತೆ ಬಟ್ಟೆ ಸುತ್ತಿಡಿ. ಆಮೇಲೆ ಪ್ಲಸ್. ಅದರ ತುದಿಗೂ ಹಳೆಯ ಟ್ಯೂಬಿನ ತುಂಡು ಹಾಕಿ.

ಎತ್ತಿ ಇಳಿಸುವುದು

ಬ್ಯಾಟರಿಯನ್ನು ತಟ್ಟೆಗೆ ಬಿಗಿದಿರುವ ಹಿಡಿಪಟ್ಟಿ ಬಿಚ್ಚಿ, ಎರಡೂ ಕೈಯಲ್ಲಿ ತಳದಿಂದ ಹಿಡಿದು ನೆಟ್ಟಗೆ ಎತ್ತಿ. ಓರೆಯಾದರೆ ಆಸಿಡ್ ಚೆಲ್ಲುತ್ತದೆ. ಹಲವು ಮಿನಿ ಟ್ರ್ಯಾಕ್ಟರುಗಳಲ್ಲಿ ಬ್ಯಾಟರಿ ಮುಂದೆ, ರೇಡಿಯೇಟರಿಗೆ ಅಂಟಿದಂತೆ ಇರುತ್ತದೆ. ನಡುವೆ ಒಂದು ದಪ್ಪ ರಟ್ಟು ಇಳಿಬಿಡಿ, ಬ್ಯಾಟರಿಯ ಮೂಲೆ ರೇಡಿಯೇಟರಿಗೆ ಬಡಿಯುವುದಿಲ್ಲ.

ತಟ್ಟೆಯನ್ನೂ ಸೋಡಾ ನೀರಿನಲ್ಲಿ ತೊಳೆದು, ಒಣಗಿಸಿ, ತುಕ್ಕು ಕೆರೆದು ಪೇಂಟ್ ಹಚ್ಚಿ. ಕ್ಲ್ಯಾಂಪಿನ ಒಳಭಾಗವನ್ನು ಉಪ್ಪುಕಾಗದದಲ್ಲಿ ಹೊಳೆಯುವವರೆಗೆ ಉಜ್ಜಿ.

ಕೂರಿಸಿ ಬಿಗಿಯುವುದು

ಹೊಸ ಬ್ಯಾಟರಿ ತಟ್ಟೆಯಲ್ಲಿ ಕೂತ ತಕ್ಷಣ ವೈರಿಗೆ ಕೈ ಹಾಕಬೇಡಿ. ಮೊದಲು ಹಿಡಿಪಟ್ಟಿ. ಟ್ರ್ಯಾಕ್ಟರಿನಲ್ಲಿ ಬ್ಯಾಟರಿಯನ್ನು ಕೊಲ್ಲುವುದು ಹೆಚ್ಚಾಗಿ ಕುಲುಕಾಟವೇ. ಉಳುವಾಗ, ರೋಟವೇಟರ್ ಓಡಿಸುವಾಗ ಬ್ಯಾಟರಿ ಅಲ್ಲಾಡಿದರೆ ಒಳಗಿನ ಪ್ಲೇಟಿನ ಪುಡಿ ಉದುರುತ್ತದೆ. ಉದುರಿದ್ದು ತಳದಲ್ಲಿ ಗುಡ್ಡೆಯಾಗಿ, ಪ್ಲೇಟುಗಳನ್ನೇ ಮುಟ್ಟಿ ಶಾರ್ಟ್ ಮಾಡುತ್ತದೆ. ಸೈಕಲ್ ಟ್ಯೂಬಿನಲ್ಲಿ ಕಟ್ಟಿದ ಬ್ಯಾಟರಿ ಪ್ರತಿ ಗುಂಡಿಗೂ ಕುಣಿಯುತ್ತದೆ. ಹಿಡಿಪಟ್ಟಿ ಕಳೆದಿದ್ದರೆ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಪಟ್ಟಿ, ಎರಡು ಕೊಕ್ಕೆ ಬೋಲ್ಟ್ ಮಾಡಿಸಿ. ಪಟ್ಟಿಗೆ ರಬ್ಬರ್ ಹೊದಿಸಿ, ಅದು ಟರ್ಮಿನಲ್ಲಿಗೆ ತಾಗದಂತೆ ನೋಡಿಕೊಳ್ಳಿ. ಕೈಯಲ್ಲಿ ಅಲ್ಲಾಡಿಸಿದರೆ ಅಲ್ಲಾಡಬಾರದು. ಪ್ಲಾಸ್ಟಿಕ್ ಬಾಗುವಷ್ಟು ಬಿಗಿಯಲೂ ಬಾರದು.

ಈಗ ವೈರ್. ಪ್ಲಸ್ ಮೊದಲು, ಮೈನಸ್ ಕೊನೆಗೆ. ಉಲ್ಟಾ ಜೋಡಿಸಿದರೆ ಡಯೋಡ್‌ಗಳು ಆ ಕ್ಷಣವೇ ಸುಡುತ್ತವೆ, ಆದ್ದರಿಂದ ಫೋಟೊ ಜೊತೆ ಹೋಲಿಸಿ ನೋಡಿ. ಕ್ಲ್ಯಾಂಪ್ ಕಂಬದ ಬುಡದವರೆಗೆ ಇಳಿದಿರಬೇಕು, ಬಿಗಿದ ಮೇಲೆ ಕೈಯಲ್ಲಿ ತಿರುಗಬಾರದು. ಸಡಿಲವಾಗಿದ್ದರೆ ತಗಡಿನ ಚೂರು ತುರುಕುವುದು ಬೇಡ, ಹೊಸ ಕ್ಲ್ಯಾಂಪ್ ಹಾಕಿಸಿ. ಪ್ಲಸ್ಸಿನ ರಬ್ಬರ್ ಮುಚ್ಚಳ ಮರೆಯಬೇಡಿ. ಎಲ್ಲ ಬಿಗಿದಾದ ಮೇಲೆ ಹೊರಗಿನಿಂದ ತೆಳ್ಳಗೆ ವ್ಯಾಸಲೀನ್ ಸವರಿ. ಗ್ರೀಸನ್ನು ಕಂಬಕ್ಕೆ ಮೆತ್ತಿ ಅದರ ಮೇಲೆ ಕ್ಲ್ಯಾಂಪ್ ಕೂರಿಸುವವರಿದ್ದಾರೆ, ಅದು ಕರೆಂಟಿಗೆ ಅಡ್ಡ.

ಸ್ಟಾರ್ಟ್ ಮಾಡುವುದು ಸೀಟಿನಲ್ಲಿ ಕೂತೇ. ಕೆಳಗೆ ನಿಂತು ಸ್ಟಾರ್ಟರ್ ಮೋಟರಿನ ಎರಡು ಬೋಲ್ಟಿಗೆ ಸ್ಕ್ರೂಡ್ರೈವರ್ ತಾಗಿಸಿ ಸ್ಟಾರ್ಟ್ ಮಾಡುವುದು ಹಳ್ಳಿಗಳಲ್ಲಿ ಮಾಮೂಲಿ ಆಗಿಬಿಟ್ಟಿದೆ. ಗಾಡಿ ಗೇರಿನಲ್ಲಿದ್ದರೆ ಅದು ನೇರ ನಿಮ್ಮ ಮೇಲೇ ಬರುತ್ತದೆ, ಜೀವ ಹೋಗುತ್ತದೆ. ಹೊಸ ಬ್ಯಾಟರಿ ಹಾಕಿದ ಮೇಲೂ ಅದು ಬೇಕಾಗುತ್ತಿದೆ ಅಂದರೆ ಸ್ವಿಚ್ಚೋ ಸೊಲೆನಾಯ್ಡೋ ಕೆಟ್ಟಿದೆ, ರಿಪೇರಿ ಮಾಡಿಸಿ.

ಹಳೆಯದನ್ನು ಏನು ಮಾಡುವುದು

ಅಂಗಡಿಗೇ ಕೊಡಿ, ಹೊಸದರ ಬೆಲೆಯಲ್ಲಿ ಕಳೆಯುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಹಳೆಯ ಬ್ಯಾಟರಿ ಹಿಂದೆ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಸೀಸಕ್ಕಾಗಿ ಮನೆಯಲ್ಲಿ ಒಡೆಯಬೇಡಿ, ಆಸಿಡ್ಡನ್ನು ತೋಟದ ಕಾಲುವೆಗೆ ಸುರಿಯಬೇಡಿ. ಅದರಲ್ಲಿ ಸೀಸ ಬೆರೆತಿರುತ್ತದೆ. ಸೀಸ ಮಣ್ಣಿನಿಂದ ಹೋಗುವುದಿಲ್ಲ, ಮಕ್ಕಳ ಮೆದುಳಿಗೆ ವಿಷ.

ಆಮೇಲಿನ ಆರೈಕೆ

ಮುಚ್ಚಳ ಇರುವ ಬ್ಯಾಟರಿಯಾದರೆ ತಿಂಗಳಿಗೊಮ್ಮೆ ನೀರು ನೋಡಿ. ಪ್ಲೇಟಿನ ಮೇಲೆ 10ರಿಂದ 15 ಮಿ.ಮೀ. ಇರಬೇಕು. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರ್‌ವೆಲ್ ನೀರಿನ ಲವಣ ಪ್ಲೇಟನ್ನು ಹಾಳು ಮಾಡುತ್ತದೆ. ಕಡಿಮೆಯಾಗುವುದು ನೀರು, ಆಸಿಡ್ ಅಲ್ಲ. ಹಾಗಾಗಿ ಆಸಿಡ್ ಸೇರಿಸಬೇಡಿ.

ಮಳೆಗಾಲದಲ್ಲಿ ವಾರಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಮೈನಸ್ ಬಿಚ್ಚಿಡಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ. ಖಾಲಿಯಾಗಿ ನಿಂತ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನಂತೆ ಆಗುವುದಿಲ್ಲ. ಚಾರ್ಜರ್ ಹಾಕುವಾಗಲೂ ತೆಗೆಯುವಾಗಲೂ ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ, ಆಮೇಲೆ ಕ್ಲಿಪ್ಪಿಗೆ ಕೈ ಹಾಕಿ.