ಘಟ್ಟದ ಮಳೆಗೆ ಮಡ್ ಟೈರ್ ಹಾಕಿಸುವ ಮುಂಚೆ

ಮೇ ತಿಂಗಳು ಬಂತೆಂದರೆ ಶಿರಸಿ, ಕುಮಟಾ ಕಡೆ ಜೀಪ್ ಇಟ್ಟವರ ಬಾಯಲ್ಲಿ ಟೈರ್ ಮಾತೇ. ಥಾರ್, ಜಿಮ್ನಿ ತಗೊಂಡವರು ಕೇಳುವುದೂ ಒಂದೇ: ಮಳೆಗಾಲಕ್ಕೆ ಮಡ್ ಟೈರ್ ಹಾಕಿಸಿದರೆ ಗಾಡಿ ಜಾರುವುದಿಲ್ಲ ಅಲ್ವಾ? ಕೆಸರಲ್ಲಿ ಅಷ್ಟಾಗಿ ಜಾರುವುದಿಲ್ಲ. ಒದ್ದೆ ಡಾಂಬರಿನ ಮೇಲೆ ಜಾರುತ್ತದೆ. ಮನೆಯಿಂದ ತೋಟದ ಮಣ್ಣುದಾರಿ ದಾಟಿದ ಮೇಲೆ ನಮಗೆ ಸಿಗುವುದು ದೇವಿಮನೆ ಘಟ್ಟ, ಅರಬೈಲ್ ಘಟ್ಟ, ಅಣಶಿ ಘಟ್ಟ, ಅಂದರೆ ಇಳಿಜಾರು, ತಿರುವು, ಮೇಲಿಂದ ಸುರಿಯುವ ನೀರು. ಟೈರ್ ಆರಿಸಬೇಕಾದ್ದು ಆ ರಸ್ತೆ ನೋಡಿ.

ಮಡ್ ಟೈರಿನಲ್ಲಿ, ಅಂದರೆ ಎಂಟಿಯಲ್ಲಿ, ರಬ್ಬರ್ ಬ್ಲಾಕ್‌ಗಳು ದೊಡ್ಡವು, ನಡುವಿನ ಸಂದು ಅಗಲ. ಕೆಸರು ಅದರಲ್ಲಿ ಕಚ್ಚಿಕೊಳ್ಳದೆ ಚಕ್ರ ತಿರುಗಿದ ಹಾಗೆ ಎಗರಿ ಹೋಗಲಿ ಅಂತ ಆ ವಿನ್ಯಾಸ. ಆದರೆ ಸಂದು ಅಗಲವಾದಷ್ಟು ರಸ್ತೆಗೆ ತಾಗುವ ರಬ್ಬರ್ ಕಡಿಮೆ. ಕಲ್ಲಿಗೆ ಹರಿಯಬಾರದು ಅಂತ ರಬ್ಬರ್ ಕೂಡ ಸಾಮಾನ್ಯವಾಗಿ ಗಟ್ಟಿ. ಹೊಸ ಮಡ್ ಟೈರ್ ನಿಂತ ನೀರನ್ನು ಚೆನ್ನಾಗಿಯೇ ಹೊರಗೆ ತಳ್ಳುತ್ತದೆ, ಅದನ್ನು ಒಪ್ಪಬೇಕು. ಅದು ಸೋಲುವುದು ಡಾಂಬರಿಗೆ ತೆಳುವಾಗಿ ಅಂಟಿದ ನೀರಿನ ಪದರದ ಮೇಲೆ, ಬ್ರೇಕ್ ಹಾಕಿದಾಗ ಮತ್ತು ತಿರುವಿನಲ್ಲಿ. ಆ ಪದರವನ್ನು ಸೀಳುವುದು ಬ್ಲಾಕಿನ ಮೇಲಿರುವ ಕೂದಲೆಳೆಯಂಥ ಸೀಳುಗಳು, ಸೈಪ್ ಅನ್ನುತ್ತಾರಲ್ಲ ಅವು. ಅಂಗಡಿಯಲ್ಲಿ ಬೆಲೆ ಕೇಳುವ ಮುಂಚೆ ಒಂದು ಬ್ಲಾಕಿನ ಮೇಲೆ ಉಗುರು ಆಡಿಸಿ ನೋಡಿ. ಉಗುರು ಎಲ್ಲೂ ಸಿಕ್ಕದೆ ನುಣ್ಣಗೆ ಜಾರಿ ಹೋದರೆ ಆ ಟೈರ್ ಘಟ್ಟಕ್ಕೆ ಬೇಡ.

ನಮ್ಮ ಜಿಲ್ಲೆಯಲ್ಲಿ ದಿನವೂ ಓಡಾಡುವವರಿಗೆ ಎಟಿ ಟೈರ್, ಅಂದರೆ ಮಣ್ಣುದಾರಿ, ಡಾಂಬರು ಎರಡಕ್ಕೂ ಆಗುವ ಟೈರ್ ಸಾಕು, ಅದರಲ್ಲೂ ಬ್ಲಾಕ್ ಹತ್ತಿರ ಹತ್ತಿರ ಇದ್ದು ಸೈಪ್ ಜಾಸ್ತಿ ಇರುವುದು. ಗಾಡಿ ಡಾಂಬರು ಬಿಟ್ಟು ಇಳಿಯುವುದೇ ಇಲ್ಲ ಅಂದರೆ ಸಾದಾ ರಸ್ತೆ ಟೈರೇ ಎರಡಕ್ಕಿಂತ ಒಳ್ಳೆಯದು. ಮಡ್ ಟೈರ್ ಬೇಕಾಗುವುದು ಜೊಯಿಡಾ ಒಳಗಿನ ಹಳ್ಳಿಗಳಂಥ ಕಡೆ, ಮಳೆಗಾಲವಿಡೀ ಹೂತುಹೋಗುವ ದಾರಿಯಲ್ಲೇ ಬದುಕುವವರಿಗೆ. ನೋಡೋಕೆ ಚಂದ ಅಂತ ಸುಮ್ನೆ ಹಾಕಿಸಬೇಡಿ. ಹಿಂದಿನ ಸೀಟಿನಲ್ಲಿ ಮಕ್ಕಳು ಕೂತಿರುತ್ತಾರೆ.

ಯಾವ ಟೈರೇ ಇರಲಿ, ಎಚ್ಚರ ಬೇಕಾದ ಜಾಗ ಒಂದಿದೆ. ತೋಟದ ದಾರಿಯಿಂದ ಡಾಂಬರಿಗೆ ಹತ್ತಿದ ಕೂಡಲೇ ಇಳಿದು ಚಕ್ರ ನೋಡಿ. ಕೆಂಪು ಜೇಡಿ ಸಂದುಗಳಲ್ಲೆಲ್ಲ ತುಂಬಿ, ಬ್ಲಾಕಿಗೆ ಸಮನಾಗಿ, ಮೇಲೊಂದು ಅಡಿಕೆ ಸೋಗೆಯ ಚೂರು ಅಂಟಿಕೊಂಡಿರುತ್ತದೆ. ಆಗ ನೀವು ಓಡಿಸುತ್ತಿರುವುದು ರಬ್ಬರಿನ ಮೇಲಲ್ಲ, ಮಣ್ಣಿನ ಮೇಲೆ. ಅದು ಎಗರಿ ಹೋಗುವವರೆಗೆ ನಿಧಾನ ಹೋಗಿ, ಹಿಂದೆ ಬೈಕ್ ಇದ್ದರೆ ಮುಂದೆ ಬಿಡಿ. ಪಾಚಿ ಕಟ್ಟಿದ ಸಿಮೆಂಟ್ ಇಳಿಜಾರಿಗಂತೂ ಯಾವ ಟೈರೂ ಉತ್ತರವಲ್ಲ, ಮಳೆಗಾಲದಲ್ಲಿ ಆಗಾಗ ಉಜ್ಜಿ ತೆಗೆಸಲೇಬೇಕು.

ಗಾಳಿ ವಿಚಾರದಲ್ಲೂ ಗೊಂದಲ ಇದೆ. ಹೂತುಹೋಗುವ ಕೆಸರಲ್ಲಿ 18–20 ಪಿಎಸ್ಐಗೆ ಇಳಿಸಿದರೆ ಟೈರ್ ಅಗಲವಾಗಿ ಕೂರುತ್ತದೆ, ಸರಿ. ಆದರೆ ಅದೇ ಗಾಳಿಯಲ್ಲಿ ಹೈವೇಗೆ ಬರಬೇಡಿ. ಗಾಳಿ ಕಡಿಮೆ ಇದ್ದಷ್ಟು ಟೈರ್ ನೀರಿನ ಮೇಲೆ ಬೇಗ ತೇಲುತ್ತದೆ, ಬಿಸಿಯೂ ಆಗುತ್ತದೆ. ಡ್ರೈವರ್ ಬಾಗಿಲ ಹತ್ತಿರದ ಚೀಟಿಯಲ್ಲಿ ಬರೆದಷ್ಟು ತುಂಬಿಸಿಕೊಂಡೇ ಹೊರಡಿ. ಟೈರ್ ಸಂದಿನ ಆಳ 1.6 ಮಿಲಿಮೀಟರಿಗೆ ಇಳಿದರೆ ಕಾನೂನಿನ ಪ್ರಕಾರ ಅದರ ಕಥೆ ಮುಗಿಯಿತು. ಆದರೆ ಕಾರವಾರದಿಂದ ಭಟ್ಕಳದವರೆಗಿನ ಹೆದ್ದಾರಿ 66ರಲ್ಲಿ ಜುಲೈ ಮಳೆಗೆ ನೀರು ನಿಲ್ಲುವುದು ನೋಡಿದರೆ, 3 ಮಿಲಿಮೀಟರ್ ಇರುವಾಗಲೇ ಬದಲಿಸಿ ಅಂತ ನಾನು ಹೇಳುತ್ತೇನೆ. ಮೊದಲ ಮಳೆಯ ದಿನ ಎಣ್ಣೆ, ದೂಳು, ಮೀನಿನ ಲಾರಿಯಿಂದ ಸೋರಿದ ನೀರು ಎಲ್ಲ ಸೇರಿ ರಸ್ತೆ ಲೋಳೆಯಾಗಿರುತ್ತದೆ, ಅವತ್ತು ವೇಗ ಇನ್ನೂ ಕಡಿಮೆ ಇರಲಿ. ಫೋರ್ ವೀಲ್ ಡ್ರೈವ್ ಗಾಡಿಯನ್ನು ಮುಂದೆ ಎಳೆಯುತ್ತದೆ ಅಷ್ಟೇ, ಬೇಗ ನಿಲ್ಲಿಸುವುದಿಲ್ಲ. ಘಟ್ಟ ಇಳಿಯುವಾಗ ಸಣ್ಣ ಗೇರಿನಲ್ಲಿರಿ, ತಿರುವಿಗೆ ಮುಂಚೆಯೇ ಬ್ರೇಕ್ ಮುಗಿಸಿ.

ಇನ್ನು ಹಿಮ. ಇಲ್ಲಿಂದ ಮನಾಲಿಗೆ ಜೀಪ್ ತಗೊಂಡು ಹೋಗುವವರು ಈಗ ಕಮ್ಮಿಯಿಲ್ಲ. ಹೊಸದಾಗಿ ಬಿದ್ದ ದಪ್ಪ ಹಿಮದಲ್ಲಿ ಮಡ್ ಟೈರ್ ಅಗೆದುಕೊಂಡು ಹೋಗುತ್ತದೆ. ಗಾಡಿಗಳು ಓಡಿ ಗಟ್ಟಿಯಾದ ಹಿಮದ ಮೇಲೆ ಅದು ಕೈಕೊಡುತ್ತದೆ. 7 ಡಿಗ್ರಿಗಿಂತ ಚಳಿಯಾದಾಗ ಸಾಮಾನ್ಯ ರಬ್ಬರ್ ಬಿರುಸಾಗುತ್ತದೆ, ಹಿಡಿತ ಕಮ್ಮಿಯಾಗುತ್ತದೆ. ಟೈರ್ ಬದಿಯಲ್ಲಿ ಎಂ ಪ್ಲಸ್ ಎಸ್ (M+S, ಕೆಸರು ಮತ್ತು ಹಿಮ) ಅಂತ ಇದ್ದರೆ ನಂಬಿ ಹೋಗಬೇಡಿ. ಅದನ್ನು ಬ್ಲಾಕಿನ ವಿನ್ಯಾಸ ನೋಡಿ ಹಾಕುತ್ತಾರೆ, ಹಿಮದ ಮೇಲೆ ಓಡಿಸಿ ನೋಡಿ ಅಲ್ಲ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರ ಇದ್ದರೆ ಮಾತ್ರ ಹಿಮದ ಪರೀಕ್ಷೆ ದಾಟಿದ ಟೈರ್, ಕೆಲವು ಎಟಿ ಟೈರ್‌ಗಳಿಗೆ ಅದು ಇರುತ್ತದೆ. ಅದು ಕೂಡ ಮಂಜುಗಡ್ಡೆಗೆ ಸಾಲದು.

ಹಾಗಂತ ಹಿಮದ ಟೈರ್ ಕೊಂಡು ತಂದು ಊರಿನಲ್ಲೂ ಅದರಲ್ಲೇ ಓಡಿಸಬೇಡಿ, ಅಷ್ಟು ಮೆತ್ತನೆಯ ರಬ್ಬರ್ ಕಾರವಾರದ ಏಪ್ರಿಲ್ ಬಿಸಿಲಿಗೆ ಬೇಗ ಸವೆಯುತ್ತದೆ. ಒಳ್ಳೆಯ ಎಟಿ ಟೈರ್ ಇರಲಿ, ಜೊತೆಗೆ ಹಿಮದಲ್ಲಿ ಚಕ್ರಕ್ಕೆ ಸುತ್ತಿ ಕಟ್ಟುವ, ನಿಮ್ಮ ಟೈರ್ ಅಳತೆಯ ಚೈನ್ ಇಟ್ಟುಕೊಳ್ಳಿ. ಚೈನ್ ಕಟ್ಟುವುದನ್ನು ಹೊರಡುವ ಮುಂಚೆ ಮನೆ ಅಂಗಳದಲ್ಲೇ ಒಮ್ಮೆ ಕಲಿತು ಬಿಡಿ, ಚಳಿಗೆ ಬೆರಳು ಮರಗಟ್ಟಿದಾಗ ಅಲ್ಲಿ ಕಲಿಯೋಕಾಗಲ್ಲ. ಕಟ್ಟಿದ ಮೇಲೆ 30–40ರ ವೇಗ ದಾಟಬೇಡಿ, ಹಿಮ ಮುಗಿದು ಡಾಂಬರು ಕಾಣಿಸಿದ ಕೂಡಲೇ ಬಿಚ್ಚಿ.