ಗ್ರೇಸ್ ಹಾಪರ್ ಪಾಠಕ್ಕೆ ಒಂದು ಅಡಿ ವೈರ್

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಕಂಪ್ಯೂಟರ್ ಇತಿಹಾಸದ ಪಾಠ ಬಂದಾಗ ಮೊದಲೆಲ್ಲ ಸುಮ್ನೆ ಇಸವಿಗಳನ್ನು ಬರೆಸುತ್ತಿದ್ದೆ. ಗ್ರೇಸ್ ಹಾಪರ್, ಅಮೆರಿಕದ ಕಂಪ್ಯೂಟರ್ ವಿಜ್ಞಾನಿ, ಹುಟ್ಟಿದ್ದು 1906, ಊರು ನ್ಯೂಯಾರ್ಕ್. ಪರೀಕ್ಷೆ ಮುಗಿದರೆ ಆಯಿತು, ಯಾರಿಗೂ ನೆನಪಿರುತ್ತಿರಲಿಲ್ಲ. ಈಗ ಮೊದಲು ಕೈಗೆ ವೈರ್ ಕೊಡುತ್ತೇನೆ, ಆಮೇಲೆ ಹೆಸರು ಹೇಳುತ್ತೇನೆ.

ಹೊಸ ವೈರ್ ಕೊಳ್ಳಬೇಡಿ. ಮನೆ ವೈರಿಂಗ್ ಮಾಡುವವರನ್ನು ಕೇಳಿದರೆ ಚೀಲದ ತುಂಬ ತುಂಡು ಸಿಗುತ್ತದೆ. ಜೊತೆಗೆ ಕಟಿಂಗ್ ಪ್ಲೇಯರ್, ಸ್ಕೇಲು, ಇನ್ಸುಲೇಷನ್ ಟೇಪು. ಒಬ್ಬೊಬ್ಬರಿಗೆ 30 ಸೆಂಟಿಮೀಟರ್. ವೈರನ್ನು ನೆಟ್ಟಗೆ ಎಳೆದು ಅಳೆಯಲಿ. ಸ್ಕೇಲಿನ ತುದಿಯಿಂದ ಅಲ್ಲ, ಸೊನ್ನೆ ಗೆರೆಯಿಂದ. ಮಕ್ಕಳು ತಪ್ಪುವುದು ಇಲ್ಲೇ.

ಈಗ ಕೇಳಿ: "ಕೈಯಲ್ಲಿ ಏನಿದೆ?" "ವೈರ್ ಮಿಸ್" ಅನ್ನುತ್ತಾರೆ. ಬೋರ್ಡ್ ಮೇಲೆ ಲೆಕ್ಕ ಹಾಕಿಸಿ. ಬೆಳಕು ಸೆಕೆಂಡಿಗೆ ಸುಮಾರು 30 ಕೋಟಿ ಮೀಟರ್ ಓಡುತ್ತದೆ. ಸೆಕೆಂಡನ್ನು 100 ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಸೆಕೆಂಡ್. ಭಾಗಿಸಿದರೆ 0.3 ಮೀಟರ್. ಅಂದರೆ ಕೈಯಲ್ಲಿರುವುದು ಒಂದು ನ್ಯಾನೊಸೆಕೆಂಡ್! ಆ ಕ್ಷಣ ಎಲ್ಲರೂ ತಮ್ಮ ವೈರನ್ನು ಮತ್ತೊಮ್ಮೆ ನೋಡುತ್ತಾರೆ. ನನಗೆ ಇಡೀ ವರ್ಷದಲ್ಲಿ ಬಹಳ ಇಷ್ಟವಾದ ಕ್ಷಣ ಅದು. "ವೈರ್ ಒಳಗೂ ಅಷ್ಟೇ ವೇಗವಾ?" ಎಂದು ಯಾರಾದರೂ ಕೇಳಿದರೆ ಬೆನ್ನು ತಟ್ಟಿ. ಅಷ್ಟಿಲ್ಲ, ಸ್ವಲ್ಪ ಕಡಿಮೆ. ಇದು ಖಾಲಿ ಜಾಗದಲ್ಲಿ ಬೆಳಕು ಹೋಗುವ ದೂರ.

ಇನ್ನು ಹಾಪರ್ ಕಥೆ ಹೇಳಿ. ಅವರು ಅಮೆರಿಕದ ನೌಕಾಪಡೆಯಲ್ಲಿದ್ದರು. ನ್ಯಾನೊಸೆಕೆಂಡ್ ಅಂದರೆ ಎಷ್ಟು ಎಂದು ಅವರಿಗೇ ಕಣ್ಣಿಗೆ ಕಟ್ಟಲಿಲ್ಲ. ಒಂದನ್ನು ಕತ್ತರಿಸಿ ಕಳಿಸಿ ಎಂದು ಎಂಜಿನಿಯರುಗಳಿಗೆ ಹೇಳಿದರು. ಆಮೇಲೆ ಹೋದ ಕಡೆಯೆಲ್ಲ ಇಂಥ ತುಂಡುಗಳನ್ನು ಹಂಚಿದರು. ಉಪಗ್ರಹದ ಮೂಲಕ ಸಂದೇಶ ಯಾಕೆ ತಡ ಎಂದು ಅಡ್ಮಿರಲ್‌ಗಳು ಕೇಳಿದರೆ ಇದನ್ನೇ ತೋರಿಸುತ್ತಿದ್ದರು. ಉಪಗ್ರಹ 36,000 ಕಿಲೋಮೀಟರ್ ಮೇಲಿದ್ದರೆ ಎಷ್ಟು ವೈರ್ ಬೇಕು? ಮಕ್ಕಳೇ ಲೆಕ್ಕ ಹಾಕಲಿ. 12 ಕೋಟಿ ತುಂಡು, ಅದೂ ಹೋಗಲಿಕ್ಕೆ ಮಾತ್ರ.

ಸಾವಿರ ತುಂಡು ಸೇರಿದರೆ ಮೈಕ್ರೋಸೆಕೆಂಡ್, 300 ಮೀಟರ್. ಅಂಗಡಿಯಲ್ಲಿ ಸಿಗುವ ವೈರ್ ಕಾಯಿಲ್ 90 ಮೀಟರ್. ಮೂರು ಕಾಯಿಲ್ ಬಿಚ್ಚಿದರೂ ಇನ್ನೂ 30 ಮೀಟರ್ ಸಾಲದು. ಹಾಪರ್ ಅಷ್ಟುದ್ದದ ಸುರುಳಿಯನ್ನೂ ಎತ್ತಿ ತೋರಿಸುತ್ತಿದ್ದರು. ಸಮಯ ಪೋಲು ಮಾಡುವ ಪ್ರೋಗ್ರಾಮರ್ ಕೊರಳಿಗೆ ಅದನ್ನು ನೇತುಹಾಕಬೇಕು ಎನ್ನುತ್ತಿದ್ದರು.

ಕಂಪೈಲರ್, ಅಂದರೆ ನಾವು ಬರೆದ ಆದೇಶವನ್ನು ಯಂತ್ರದ ಅಂಕಿಗೆ ಇಳಿಸುವ ಪ್ರೋಗ್ರಾಂ. ಅದರ ವಿಷಯಕ್ಕೆ ಮೂವರು ಮಕ್ಕಳು ಬೇಕು. ಒಬ್ಬಳು ಯಂತ್ರ. ಅವಳಿಗೆ ಗೊತ್ತಿರುವುದು ಅಂಕಿ ಮಾತ್ರ: 1 ಅಂದರೆ ಒಂದು ಹೆಜ್ಜೆ ಮುಂದೆ, 2 ಅಂದರೆ ಬಲಕ್ಕೆ ತಿರುಗು, 3 ಅಂದರೆ ಸೀಮೆಸುಣ್ಣ ತೆಗೆದುಕೋ. ಇನ್ನೊಬ್ಬ "ಮೇಜಿನ ಹತ್ತಿರ ಹೋಗಿ ಸೀಮೆಸುಣ್ಣ ತೆಗೆದುಕೋ" ಎಂದು ಕನ್ನಡದಲ್ಲಿ ಬರೆಯಲಿ. ನಡುವಿನವನು ಅದನ್ನು ಅಂಕಿಗೆ ಇಳಿಸಿ ಯಂತ್ರಕ್ಕೆ ಕೊಡಲಿ. ಆ ನಡುವಿನವನ ಕೆಲಸವನ್ನು ಕಂಪ್ಯೂಟರೇ ಮಾಡಲಿ ಎಂದು ಹಾಪರ್ 1952ರಲ್ಲಿ ಎ-0 ಎಂಬ ಕಂಪೈಲರ್ ಸಿದ್ಧಪಡಿಸಿದರು. ಕಂಪ್ಯೂಟರಿಗೆ ಬರುವುದು ಬರೀ ಲೆಕ್ಕ, ಇದೆಲ್ಲ ಆಗದು ಎಂದು ಜನ ನಂಬಲೇ ಇಲ್ಲವಂತೆ. ಮುಂದೆ ಇಂಗ್ಲಿಷ್ ಪದಗಳಲ್ಲೇ ಆದೇಶ ಬರೆಯುವ ಫ್ಲೋ-ಮ್ಯಾಟಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಮಾಡಿದರು. 1959ರಲ್ಲಿ ಶುರುವಾದ ಕೋಬಾಲ್ ಭಾಷೆ ಅದರಿಂದಲೇ ಬಹಳಷ್ಟು ಪಡೆಯಿತು.

ಕಂಪ್ಯೂಟರಿನ ದೋಷಕ್ಕೆ "ಬಗ್" (ಹುಳು) ಎಂಬ ಹೆಸರು ಬಂದದ್ದು ಒಂದು ಪತಂಗದಿಂದ ಎನ್ನುವ ಕಥೆಯನ್ನು ಮಕ್ಕಳು ಕೇಳಿಯೇ ಕೇಳುತ್ತಾರೆ. 1947ರಲ್ಲಿ ಹಾರ್ವರ್ಡ್‌ನ ಮಾರ್ಕ್ 2 ಕಂಪ್ಯೂಟರಿನ ರಿಲೇಯಲ್ಲಿ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚಿನಲ್ಲಿ) ಪತಂಗ ಸಿಕ್ಕಿದ್ದು, ಅದನ್ನು ದಾಖಲೆ ಪುಸ್ತಕಕ್ಕೆ ಟೇಪಿನಿಂದ ಅಂಟಿಸಿದ್ದು ನಿಜ. ಆದರೆ "ಬಗ್" ಪದ ಅದಕ್ಕಿಂತ ಹಳೆಯದು. ಹಾಪರ್ ಆ ಕಥೆಯನ್ನು ಎಲ್ಲೆಡೆ ಹೇಳಿ ಹಬ್ಬಿಸಿದರು, ಅಷ್ಟೆ.

ಅವರು ಏಳು ವರ್ಷದವರಿದ್ದಾಗ ಮನೆಯ ಅಲಾರಂ ಗಡಿಯಾರಗಳನ್ನು ಒಂದೊಂದಾಗಿ ಬಿಚ್ಚಿದ್ದನ್ನು ಕೊನೆಗೆ ಹೇಳಿ, ಮೊದಲೇ ಹೇಳಿದರೆ ಮಕ್ಕಳ ಗಮನ ಅತ್ತ ಹೋಗುತ್ತದೆ. ನೌಕಾಪಡೆಯಿಂದ ನಿವೃತ್ತರಾದಾಗ ಅವರಿಗೆ 79 ವರ್ಷ.

ಬೆಲ್ ಹೊಡೆಯುವ ಮುಂಚೆ ವೈರಿನ ಎರಡೂ ತುದಿಗೆ ಟೇಪು ಸುತ್ತಿಸಿ, ತಾಮ್ರದ ಎಳೆ ಚುಚ್ಚುತ್ತದೆ. ಟೇಪಿನ ಮೇಲೆ ಹೆಸರು ಬರೆಯಬೇಕಾದರೆ ಬಿಳಿ ಟೇಪು ತನ್ನಿ.