ಹೂಬಾಳೆಯೂ ಬಾಳೆಯೇ

ಉಡುಪಿ, ಮಂಗಳೂರು ಕಡೆಯ ನರ್ಸರಿಯಲ್ಲಿ ‘ಶೋ ಬಾಳೆ ಉಂಟಾ?’ ಎಂದು ಕೇಳಿದರೆ ಮೂರು ಥರದ ಗಿಡ ಸಿಗಬಹುದು. ಒಂದು ಹೆಲಿಕೋನಿಯಾ. ಎಲೆ ನೋಡಿದರೆ ಬಾಳೆಯೇ ಅನ್ನಿಸುತ್ತದೆ, ಆದರೆ ಅದರ ಕುಟುಂಬವೇ ಬೇರೆ. ಎರಡನೆಯದು ಮ್ಯೂಸಾ ಆರ್ನೇಟಾ, ನಸುನೇರಳೆ ಹೂವಿನದು, ಆಳೆತ್ತರ ದಾಟಿ ಬೆಳೆಯುತ್ತದೆ. ಮೂರನೆಯದು ಮ್ಯೂಸಾ ವೆಲುಟಿನಾ. ನಾಲ್ಕೈದು ಅಡಿ ಎತ್ತರಕ್ಕೇ ಹೂ ಬಿಡುವ, ಮೈತುಂಬ ನುಣ್ಣನೆ ರೋಮವಿರುವ ಗುಲಾಬಿ ಕಾಯಿಯ ಕುಳ್ಳ ಬಾಳೆ. ಉಡುಪಿಯ ನಮ್ಮ ಮನೆಯ ಅಂಗಳದಲ್ಲಿ ನಾನು ಬೆಳೆಸುತ್ತಿರುವುದು ಇದನ್ನೇ. ಕೊಳ್ಳುವಾಗ ಎಲೆಯನ್ನು ಮಗುಚಿ ನೋಡಿ: ವೆಲುಟಿನಾದ ನಡುದಿಂಡಿನ ಅಡಿಭಾಗದಲ್ಲಿ ಸಾಮಾನ್ಯವಾಗಿ ಕೆಂಪು ಛಾಯೆ ಇರುತ್ತದೆ. ನರ್ಸರಿಯಲ್ಲಿ ಹೂ ಬಿಟ್ಟ ಗಿಡವೇ ಇದ್ದರೆ ಗುರುತಿಸಲು ಕಷ್ಟವೇ ಇಲ್ಲ.

ಇದರ ತವರು ಅಸ್ಸಾಂ, ಅರುಣಾಚಲ ಪ್ರದೇಶ ಮತ್ತು ಅದರ ಸುತ್ತಲಿನ ಮಳೆಕಾಡು. ನಮ್ಮ ಪಶ್ಚಿಮಘಟ್ಟದ ಬಂಡೆಗಳ ಮೇಲೂ ಒಂದು ಚೆಂದದ ಕಾಡು ಬಾಳೆ ಇದೆ, ಕಲ್ಲುಬಾಳೆ. ಅದನ್ನೇ ತಂದು ನೆಡಬಾರದೇ ಎಂದು ಕೆಲವರು ಕೇಳುವುದುಂಟು. ಕಲ್ಲುಬಾಳೆ ಬುಡದಲ್ಲಿ ಕಂದು, ಅಂದರೆ ಮರಿಗಿಡ, ಹಾಕುವುದಿಲ್ಲ. ಬೇಸಗೆಯಲ್ಲಿ ನೆಲದ ಮೇಲಿನ ಭಾಗ ಒಣಗುತ್ತದೆ, ಒಮ್ಮೆ ಗೊನೆ ಬಿಟ್ಟರೆ ಅದರ ಕಥೆ ಮುಗಿಯಿತು. ಅದು ಬಂಡೆಯ ಮೇಲೆಯೇ ಇರಲಿ. ವೆಲುಟಿನಾ ಹಾಗಲ್ಲ, ಒಂದು ಕಂದು ನೆಟ್ಟರೆ ಅದೇ ಹಿಂಡಾಗಿ ವರ್ಷವಿಡೀ ಒಂದಲ್ಲ ಒಂದು ಕಾಂಡದಲ್ಲಿ ಹೂ ಇಡುತ್ತದೆ. ಅದಕ್ಕೆ ಒಂದೇ ಷರತ್ತು, ಅದನ್ನು ಅಲಂಕಾರದ ಗಿಡವೆಂದು ಮೂಲೆಯಲ್ಲಿ ನಿಲ್ಲಿಸದೆ ಬಾಳೆಯನ್ನು ಸಾಕಿದಂತೆ ಸಾಕಬೇಕು.

ಈ ಮಾತಿಗೆ ನಮ್ಮ ಮನೆಯಲ್ಲಿ ಒಪ್ಪಿಗೆ ಸುಲಭವಾಗಿ ಸಿಗಲಿಲ್ಲ. ನಾನು ಬುಟ್ಟಿಗಟ್ಟಲೆ ಹಟ್ಟಿಗೊಬ್ಬರ ಹೊತ್ತದ್ದನ್ನು ನೋಡಿ ಅತ್ತೆ, “ಎಂತ ಮಾರಾಯ್ತಿ, ತಿನ್ನಲಿಕ್ಕಾಗದ ಬಾಳೆಗೆ ಇಷ್ಟು ಗೊಬ್ಬರವಾ? ಆ ಕದಳಿಗಾದರೂ ಹಾಕು” ಎಂದರು. ಕದಳಿಗೂ ಹಾಕಿದೆ. ಆದರೆ ಹೂ ಬೇಕಾದರೆ ಇದಕ್ಕೂ ಹೊಟ್ಟೆ ತುಂಬಬೇಕು. ಬಾಳೆಯ ಜಾತಿಯೇ ತಿಂದು ಬೆಳೆಯುವ ಜಾತಿ.

ಮೊದಲು ಜಾಗದ ವಿಚಾರ. ಗಾಳಿಗೆ ಬಾಳೆಯೆಲೆ ಅಡ್ಡನರದ ಉದ್ದಕ್ಕೂ ಸೀಳುತ್ತದೆ. ತೋಟದ ಬಾಳೆಗೆ ಅದರಿಂದ ಹೆಚ್ಚಿನ ನಷ್ಟವಿಲ್ಲ. ಹೂಬಾಳೆಯಲ್ಲಿ ಮಾತ್ರ ಇಡಿಯಾದ ಎಲೆಯೇ ಅರ್ಧ ಚೆಂದ. ನಮ್ಮಲ್ಲಿ ಮಧ್ಯಾಹ್ನದ ಕಡಲ ಗಾಳಿ ಬೀಸುವುದು ಪಡುವಣದಿಂದ, ಮಳೆಗಾಲದ ಬಿರುಗಾಳಿಯೂ ಆ ದಿಕ್ಕಿನಿಂದಲೇ. ಹಾಗಾಗಿ ನಾನು ಆರಿಸಿದ್ದು ಮನೆಯ ಮೂಡುಬದಿ. ಬೆಳಗಿನ ಬಿಸಿಲು ಧಾರಾಳ, ಮಾರ್ಚ್–ಏಪ್ರಿಲ್‌ನಲ್ಲಿ ಎಲೆಯಂಚು ಸುಡುವ ಸಂಜೆ ಬಿಸಿಲಿಗೆ ಮನೆಯೇ ಅಡ್ಡ. ಮಾಡಿನ ನೀರು ಧಾರೆಯಾಗಿ ಬೀಳುವ ಸಾಲಿನಿಂದಲೂ ದೂರ ಇರಿಸಿದೆ. ಆ ಧಾರೆಗೆ ಬುಡದ ಮಣ್ಣು ಕೊಚ್ಚಿ ಗೆಡ್ಡೆ ಹೊರಗೆ ಕಾಣುತ್ತದೆ.

ಇನ್ನು ಮಣ್ಣು. ಉಡುಪಿಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಬಾಳೆಗೆ ನೀರು ಇಷ್ಟ ಎಂಬ ಮಾತು ನಿಜ, ಆದರೆ ಅದಕ್ಕೆ ಬೇಕಾದದ್ದು ಹರಿದು ಹೋಗುವ ನೀರು. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲದಲ್ಲಿ ಪಿಕ್ಕಾಸಿನಿಂದ ಹೊಂಡ ಕಡಿದು ಒಳ್ಳೆಯ ಮಣ್ಣು ತುಂಬಿಸಿದರೆ ಬೇಸಗೆಯಲ್ಲಿ ಗಿಡ ಚೆನ್ನಾಗಿಯೇ ಇರುತ್ತದೆ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಅದೇ ಹೊಂಡ ನೀರು ತುಂಬಿದ ಕಡಾಯಿಯಾಗುತ್ತದೆ, ಗೆಡ್ಡೆ ಕೊಳೆಯುತ್ತದೆ. ಪಕ್ಕದ ಮನೆಯ ಅಕ್ಕನ ಗಿಡ ಹೋದದ್ದು ಹೀಗೆ. ನಾನು ಹೊಂಡ ತೋಡಲೇ ಇಲ್ಲ. ನೆಲವನ್ನು ಒಂದು ಗೇಣಿನಷ್ಟು ಮಾತ್ರ ಅಗೆದು ಸಡಿಲಿಸಿ, ಅದರ ಮೇಲೆ ಒಂದೂವರೆ ಅಡಿ ಎತ್ತರದ, ಮೂರ್ನಾಲ್ಕು ಅಡಿ ಅಗಲದ ದಿಬ್ಬ ಕಟ್ಟಿದೆ. ಮಣ್ಣು ಜಾರದಂತೆ ಸುತ್ತ ಮುರಕಲ್ಲಿನ ತುಂಡುಗಳನ್ನು ಗಾರೆ ಇಲ್ಲದೆ ಬರೇ ಜೋಡಿಸಿದೆ. ಸಂದಿಯಿಂದ ನೀರು ಇಳಿದು ಹೋಗುತ್ತದೆ.

ದಿಬ್ಬಕ್ಕೆ ಹಾಕಿದ್ದು ತೋಟದ ಮೇಲ್ಮಣ್ಣು, ಹಳೆಯ ಹಟ್ಟಿಗೊಬ್ಬರ, ಸ್ವಲ್ಪ ಹೊಯ್ಗೆ (ಮರಳು), ಮತ್ತೆ ಸುಡುಮಣ್ಣು. ಕರಾವಳಿಯ ಹಿರಿಯರಿಗೆ ಸುಡುಮಣ್ಣಿನ ಬಗ್ಗೆ ಹೇಳಬೇಕಾಗಿಲ್ಲ. ಮಳೆ ಮುಗಿದ ಮೇಲೆ ತರಗೆಲೆ, ಸಣ್ಣ ಕಡ್ಡಿ, ಮಣ್ಣನ್ನು ಪದರ ಪದರವಾಗಿ ಪೇರಿಸಿ, ಉರಿ ಏಳದಂತೆ ಒಳಗೊಳಗೇ ಬೇಯಿಸಿದ ಮಣ್ಣು ಅದು. ಹುಳುಮೊಟ್ಟೆ, ಕಳೆಬೀಜ ಸಾಯುತ್ತವೆ, ಮಣ್ಣು ಹುಡಿಹುಡಿಯಾಗುತ್ತದೆ, ಬೂದಿಯ ಪೊಟ್ಯಾಷ್ ಸೇರುತ್ತದೆ. ಐದು ಸೆಂಟ್ಸ್ ಜಾಗದಲ್ಲಿ ಅದನ್ನು ಮಾಡಿದರೆ ಹೊಗೆ ನೆರೆಮನೆಗೆ ತುಂಬುತ್ತದೆ. ಹಾಗಾಗಿ ತವರಿನ ತೋಟದಿಂದ ಗೋಣಿಯಲ್ಲಿ ತರಿಸಿದೆ. ಅದು ಸಿಗದವರಿಗೆ ಬಚ್ಚಲ ಒಲೆಯ ಸೌದೆ ಬೂದಿ ಸಾಕು. ನಮ್ಮ ಕೆಂಪು ಮಣ್ಣು ಹುಳಿ ಮಣ್ಣು, ಬೂದಿ ಅದರ ಹುಳಿಯನ್ನೂ ತಗ್ಗಿಸುತ್ತದೆ.

ನೆಡುವ ಕಾಲದ ಬಗ್ಗೆ ಎರಡು ಅಭಿಪ್ರಾಯ ಇದೆ. ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಯಲ್ಲಿ, ಮೊದಲ ಮಳೆಗೆ ನೆಡುವವರೇ ಹೆಚ್ಚು. ನಾನು ನೆಟ್ಟದ್ದು ಚೌತಿ ಕಳೆದ ಮೇಲೆ. ಗೆಡ್ಡೆಯಿಂದ ಕಡಿದು ತೆಗೆದ ಕಂದಿನ ಗಾಯ ಒಣಗುವ ಮೊದಲೇ ಜೂನ್–ಜುಲೈ ಮಳೆ ಹೊಡೆದರೆ ಕೊಳೆ ಹಿಡಿಯುತ್ತದೆ. ಸೆಪ್ಟೆಂಬರ್‌ನಲ್ಲಿ ನೆಲ ಹಸಿ ಇರುತ್ತದೆ, ಮಳೆ ಬಿಟ್ಟು ಬಿಟ್ಟು ಬರುತ್ತದೆ, ಬಿಸಿಲೂ ಸಿಗುತ್ತದೆ. ಬೇಸಗೆ ಬರುವಷ್ಟರಲ್ಲಿ ಬೇರು ಭದ್ರವಾಗಿರುತ್ತದೆ. ನರ್ಸರಿಯ ಚೀಲದಲ್ಲಿ ಬೇರೂರಿದ ಗಿಡವಾದರೆ ಮೇ ಕೊನೆಯಲ್ಲಿ ನೆಟ್ಟರೂ ತೊಂದರೆ ಇಲ್ಲ.

ಕಂದು ಆರಿಸುವಾಗ ತೋಟದ ಕೆಲಸಕ್ಕೆ ಬರುವ ಅಣ್ಣ ಹೇಳಿದ್ದನ್ನೇ ಪಾಲಿಸಿದೆ: “ಅಗಲ ಎಲೆ ಬಿಚ್ಚಿಕೊಂಡು ಚೆಂದ ಕಾಣುವ ಕಂದು ಬೇಡ ಅಕ್ಕ, ಕತ್ತಿಯ ಹಾಗೆ ಸಪುರ ಎಲೆ ಇರುವುದನ್ನು ತೆಗಿರಿ.” ಸಪುರ ಎಲೆಯ ಕತ್ತಿಕಂದಿಗೆ ಬುಡ ದಪ್ಪ, ತಾಯಿ ಗೆಡ್ಡೆಯ ಜತೆ ಗಟ್ಟಿ ಸಂಬಂಧ. ಅಗಲ ಎಲೆಯ ನೀರುಕಂದಿಗೆ ಬುಡದಲ್ಲಿ ಶಕ್ತಿ ಇಲ್ಲ. ತೆಗೆದ ಕಂದಿನ ಹಳೆ ಬೇರು ಹೆರೆದು, ಗೆಡ್ಡೆಯಲ್ಲಿ ಕಪ್ಪು ತೂತು ಅಥವಾ ಹುಳುವಿನ ದಾರಿ ಇಲ್ಲವೆಂದು ನೋಡಿ, ಸೆಗಣಿ–ಬೂದಿಯ ಗಂಜಿಯಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ ನೆಟ್ಟೆ. ಗೆಡ್ಡೆ ಮಣ್ಣಿನೊಳಗೆ ಮುಚ್ಚಿದರೆ ಸಾಕು, ತೀರಾ ಆಳಕ್ಕೆ ಇಳಿಸುವ ಅಗತ್ಯವಿಲ್ಲ.

ಚಳಿಗಾಲದಲ್ಲಿ ವಾರಕ್ಕೆರಡು ಸಲ ನೀರು, ಏಪ್ರಿಲ್‌ನ ಬಿಸು ಹಬ್ಬದ ಹೊತ್ತಿಗೆ ದಿನ ಬಿಟ್ಟು ದಿನ. ಬುಡಕ್ಕೆ ಅಡಿಕೆ ಸಿಪ್ಪೆ, ತರಗೆಲೆ ದಪ್ಪವಾಗಿ ಹಾಸುತ್ತೇನೆ. ತೆಂಗಿನ ಸಿಪ್ಪೆಯನ್ನು ಮಗುಚಿ ಇಟ್ಟರೂ ತಂಪು ನಿಲ್ಲುತ್ತದೆ. ತಿಂಗಳಿಗೊಮ್ಮೆ ಒಂದೆರಡು ಬೊಗಸೆ ಬೂದಿ, ಆಗಾಗ ನೆಲಗಡಲೆ ಹಿಂಡಿ ನೆನೆಸಿ ತೆಳು ಮಾಡಿದ ನೀರು. ಹಿಂಡಿ ಮಿತಿ ಮೀರಿದರೆ ಎಲೆ ದೊಡ್ಡದಾಗಿ ಕಾಂಡ ಮೆತ್ತಗಾಗುತ್ತದೆ, ಹೂ ತಡವಾಗುತ್ತದೆ. ಜಡಿಮಳೆಯ ಕಾಲದಲ್ಲಿ ಗೊಬ್ಬರ ಹಾಕುವುದೇ ಇಲ್ಲ, ಹಾಕಿದ್ದೆಲ್ಲ ತೋಡಿಗೆ ಹೋಗುತ್ತದೆ. ಮಳೆ ಇಳಿದ ಮೇಲೆ ಒಮ್ಮೆ ಚೆನ್ನಾಗಿ ಕೊಟ್ಟು, ಆಮೇಲೆ ಸ್ವಲ್ಪ ಸ್ವಲ್ಪ.

ಹೂ ಬರುವ ಸೂಚನೆ ಎಲೆಯಲ್ಲೇ ಸಿಗುತ್ತದೆ. ಹೊಸ ಎಲೆ ಹಿಂದಿನದ್ದಕ್ಕಿಂತ ಗಿಡ್ಡವಾಗಿ ಬಂತೆಂದರೆ ಒಳಗೆ ಪೂಂಬೆ, ಅಂದರೆ ಬಾಳೆಯ ಹೂಮೂತಿ, ಏರುತ್ತಿದೆ ಎಂದರ್ಥ. ನೆಟ್ಟು ವರ್ಷವಾಗುವ ಮೊದಲೇ ಮೊದಲ ಪೂಂಬೆ ಬಂತು. ನಮ್ಮ ಕದಳಿ, ನೇಂದ್ರಗಳ ಪೂಂಬೆ ತಲೆ ಬಗ್ಗಿಸಿ ಜೋತು ಬೀಳುತ್ತದೆ, ಇದರದ್ದು ನೆಟ್ಟಗೆ ಆಕಾಶಕ್ಕೆ ಮುಖ ಮಾಡಿ ನಿಲ್ಲುತ್ತದೆ. ಗುಲಾಬಿ ಎಸಳು ಒಂದೊಂದಾಗಿ ತೆರೆದಂತೆ ಅದರಡಿ ಹಳದಿ–ಕಿತ್ತಳೆ ಹೂಗಳ ಸಾಲು. ಜೋತುಬಿದ್ದ ಬಾಳೆ ಹೂವಿಗೆ ರಾತ್ರಿ ಬಾವಲಿ ಬರುತ್ತದೆ, ನೆಟ್ಟಗೆ ನಿಂತ ಈ ಹೂವಿಗೆ ಹಗಲಲ್ಲಿ ಸೂರಕ್ಕಿ. ಬೆಳಗ್ಗೆ ಕಾಫಿ ಹಿಡಿದು ಜಗಲಿಯಲ್ಲಿ ಕುಳಿತರೆ ಉದ್ದ ಕೊಕ್ಕಿನ ಸೂರಕ್ಕಿ ಎಸಳಿನ ಅಂಚಿಗೆ ಕಾಲು ಕೊಟ್ಟು ಒಳಗೆ ಕೊಕ್ಕು ತೂರಿಸುವುದು ಕಾಣುತ್ತದೆ. ಬಾಳೆ ನೆಟ್ಟದ್ದು ಸಾರ್ಥಕ ಎಂದು ನನಗೆ ಅನ್ನಿಸುವುದು ಆಗ.

ಕೆಳಗಿನ ಹೂಗಳು ಬೆರಳುದ್ದದ ಕಾಯಿಗಳಾಗುತ್ತವೆ. ಹಣ್ಣಾದಾಗ ಸಿಪ್ಪೆ ತುದಿಯಿಂದ ತಾನಾಗಿಯೇ ಸೀಳಿ ಹಿಂದಕ್ಕೆ ಮಡಚಿಕೊಂಡು ಒಳಗಿನ ಬಿಳಿ ತಿರುಳು ಹೊರಗೆ ಕಾಣುತ್ತದೆ. ಮಕ್ಕಳು ಇದನ್ನು ಮರೆಯುವುದೇ ಇಲ್ಲ. ತಿರುಳು ಸಿಹಿಯೇ, ವಿಷವೇನೂ ಇಲ್ಲ. ಆದರೆ ತುಂಬ ಕಲ್ಲಿನಷ್ಟು ಗಟ್ಟಿ ಕಪ್ಪು ಬೀಜ, ಹಲ್ಲು ಜೋಪಾನ. ನಾವು ಪಿಕಳಾರಕ್ಕೂ ಅಳಿಲಿಗೂ ಬಿಡುತ್ತೇವೆ. ಹೂದಾನಿಗೆ ಪೂಂಬೆ ಕೊಯ್ಯುವುದಾದರೆ ಹಳೆ ಬಟ್ಟೆ ಉಟ್ಟು ಕೊಯ್ಯಿರಿ, ಬಾಳೆಯ ಸೊನೆಯ ಕಲೆ ಒಗೆದರೆ ಹೋಗುವುದಲ್ಲ.

ಹೆಚ್ಚಿನವರ ಗಿಡ ಸೊರಗುವುದು ಇದರ ನಂತರ. ಹೂ ಬಿಟ್ಟ ಕಾಂಡ ಮತ್ತೆ ಬಿಡುವುದಿಲ್ಲ, ಅದು ಸಾಯುತ್ತದೆ. ಅಷ್ಟರಲ್ಲಿ ಬುಡದಲ್ಲಿ ಕಂದುಗಳ ಗುಂಪೇ ಎದ್ದಿರುತ್ತದೆ. ಎಲ್ಲವನ್ನೂ ಬಿಟ್ಟರೆ ಒಂದಕ್ಕೊಂದು ಪೈಪೋಟಿ ಬಿದ್ದು ಎಲ್ಲವೂ ಸಣಕಲಾಗಿ ಹೂ ನಿಲ್ಲುತ್ತದೆ. ಕಾಯಿಗಾಗಿ ಬೆಳೆಸುವ ತೋಟದಲ್ಲಿ ತಾಯಿ, ಮಗಳು, ಮೊಮ್ಮಗಳು ಎಂದು ಮೂರು ಬಿಟ್ಟು ಉಳಿದದ್ದನ್ನು ತೆಗೆಯುತ್ತಾರೆ. ಇಲ್ಲಿ ಗೊನೆಯ ತೂಕದ ಚಿಂತೆ ಇಲ್ಲವಾದ್ದರಿಂದ ನಾನು ಐದು ಉಳಿಸುತ್ತೇನೆ. ಆದರೆ ಐದೂ ಬೇರೆ ಬೇರೆ ವಯಸ್ಸಿನವು ಇರಬೇಕು. ಒಂದು ಹೂವಿನಲ್ಲಿ, ಒಂದು ಹೂವಿನ ಹೊಸ್ತಿಲಲ್ಲಿ, ಒಂದು ಅರ್ಧ ಎತ್ತರದಲ್ಲಿ, ಎರಡು ಎಳೆಯವು. ಒಂದೇ ಎತ್ತರದ ಎರಡು ಕಂದು ಕಂಡರೆ ಒಂದನ್ನು ತೆಗೆಯುತ್ತೇನೆ. ಉಡುಪಿಯಲ್ಲಿ ಈ ಲೆಕ್ಕಾಚಾರ ಹೊಸದಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಕೃಷ್ಣಮಠದ ಪರ್ಯಾಯಕ್ಕೆ (ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವಕ್ಕೆ) ವರ್ಷದ ಮುಂಚೆಯೇ ಬಾಳೆ ಮುಹೂರ್ತ ಮಾಡಿ ಕಂದು ನೆಡುವ ಊರು ಇದು. ಬಾಳೆ ಯಾವಾಗ ಬೇಕೋ ಅದಕ್ಕೆ ವರ್ಷ ಮೊದಲೇ ಕಂದಿನ ವಯಸ್ಸು ನೋಡಬೇಕು.

ಬೇಡದ ಕಂದನ್ನು ನೆಲಮಟ್ಟಕ್ಕೆ ಕೊಯ್ದರೆ ಸಾಲದು, ಮತ್ತೆ ಚಿಗುರುತ್ತದೆ. ಕತ್ತಿಯ ಮೊನೆಯಿಂದ ನಡುವಿನ ಸುಳಿಯನ್ನು ಅಗೆದು ತೆಗೆಯಬೇಕು. ಮುಗಿದ ಕಾಂಡವನ್ನು ಬುಡಕ್ಕೆ ಕಡಿದು, ಉದ್ದಕ್ಕೆ ಸೀಳಿ, ಸಣ್ಣ ತುಂಡು ಮಾಡಿ ಅಲ್ಲೇ ಹಾಸುತ್ತೇನೆ. ಇಡೀ ಕಾಂಡವನ್ನು ಹಾಗೇ ಎಸೆದರೆ ಕಾಂಡ ಕೊರೆಯುವ ಮೂತಿಹುಳು ಅದರಲ್ಲೇ ಸಂತಾನ ಬೆಳೆಸುತ್ತದೆ. ನಿಂತ ಕಾಂಡದಲ್ಲಿ ಸಣ್ಣ ತೂತು, ಅದರಿಂದ ಅಂಟಂಟು ರಸ ಕಂಡರೆ ಆ ಕಾಂಡವನ್ನು ತಡಮಾಡದೆ ತೆಗೆದುಬಿಡಿ. ವರ್ಷ ಕಳೆದಂತೆ ಹೊಸ ಕಂದು ಮೇಲುಮೇಲಕ್ಕೆ ಹುಟ್ಟಿ ಬೇರು ಹೊರಗೆ ಕಾಣುತ್ತದೆ. ಪ್ರತಿ ಸೆಪ್ಟೆಂಬರ್‌ನಲ್ಲಿ ಎರಡು ಮೂರು ಬುಟ್ಟಿ ಮಣ್ಣು ಏರಿಸುವುದು ಅದಕ್ಕೇ.

ಮಳೆಗಾಲದ ಉಪದ್ರ ಎರಡು. ಒಂದು ಎಲೆಚುಕ್ಕೆ. ಕೆಳಗಿನ ಎಲೆ ಹಳದಿಯಾಗಿ ಕಂದು ಮಚ್ಚೆ ಬಂದರೆ ಕೊಯ್ದು ದೂರ ಹಾಕುತ್ತೇನೆ, ಗುಂಪು ಒತ್ತಾಗದಂತೆ ನೋಡುತ್ತೇನೆ, ಮದ್ದು ಬಿಡುವುದಿಲ್ಲ. ಇನ್ನೊಂದು ಆಫ್ರಿಕನ್ ಬಸವನಹುಳು. ರಾತ್ರಿ ಟಾರ್ಚ್ ಹಿಡಿದು ಹೆಕ್ಕಿ ಉಪ್ಪುನೀರಿನ ಬಾಲ್ದಿಗೆ ಹಾಕುವುದೇ ದಾರಿ. ಕೈಗೆ ಚೀಲ ಕಟ್ಟಿಕೊಳ್ಳಿ. ಉಪ್ಪನ್ನು ಗಿಡದ ಬುಡಕ್ಕೆ ಮಾತ್ರ ಚೆಲ್ಲಬೇಡಿ. ಎಲೆ ಸುರುಳಿ ಸುತ್ತಿ ಒಳಗೆ ಬಿಳಿ ಹುಡಿ ಮೆತ್ತಿಕೊಂಡ ಹುಳು ಕಂಡರೆ ಸುರುಳಿ ಸಮೇತ ಚಿವುಟಿ ತೆಗೆದರೆ ಮುಗಿಯಿತು.

ನಾನು ನಿಜಕ್ಕೂ ಹೆದರುವುದು ಗೊಂಚಲು ತುದಿ ರೋಗಕ್ಕೆ. ಹೊಸ ಎಲೆಗಳು ಸಪುರವಾಗಿ, ನೆಟ್ಟಗೆ, ತುದಿಯಲ್ಲಿ ಒತ್ತಾಗಿ ನಿಲ್ಲುತ್ತವೆ, ನರಗಳಲ್ಲಿ ಕಡುಹಸಿರು ಚುಕ್ಕೆ–ಗೀಟು ಕಾಣುತ್ತದೆ. ಇದು ವೈರಸ್, ಬಾಳೆಹೇನಿನಿಂದ ಹರಡುತ್ತದೆ, ಮದ್ದಿಲ್ಲ. ಎಲೆಬುಡದ ಸಂದಿಗೆ ಇರುವೆ ಸಾಲಾಗಿ ಹೋಗುತ್ತಿದ್ದರೆ ಅಲ್ಲಿ ಹೇನಿದೆಯೇ ನೋಡಿ, ಸಾಬೂನು ನೀರಿನಿಂದ ತೊಳೆಯುತ್ತೇನೆ. ಮನೆಯಲ್ಲಿ ಕದಳಿಯೋ ಪಚ್ಚಬಾಳೆಯೋ ಇರುವವರು ಚೆಂದಕ್ಕೆಂದು ಎಲ್ಲಿಂದಲೋ ಕಂದು ತರುವಾಗ ತಾಯಿಗಿಡವನ್ನು ಕಣ್ಣಾರೆ ನೋಡಿಯೇ ತನ್ನಿ. ರೋಗ ಕಂಡ ಗಿಡವನ್ನು ಗೆಡ್ಡೆ ಸಮೇತ ಕಿತ್ತು ನಾಶ ಮಾಡಬೇಕು, ಕನಿಕರ ಬೇಡ.

ಟೆರೇಸಿನ ಮೇಲೆ ಚಟ್ಟಿಯಲ್ಲಿ ಬೆಳೆಯುತ್ತದಾ? ಬೆಳೆಯುತ್ತದೆ, ಹದಿನೆಂಟು ಇಂಚಿಗೆ ಕಡಿಮೆಯ ಚಟ್ಟಿ ಬೇಡ. ಅರ್ಧ ಕೊಯ್ದ ಡ್ರಮ್ಮಾದರೆ ಉತ್ತಮ, ಅಡಿಯಲ್ಲಿ ತೂತು ದೊಡ್ಡದಿರಲಿ. ಬೇಸಗೆಯಲ್ಲಿ ದಿನಾ ನೀರು, ಎರಡು ವರ್ಷಕ್ಕೊಮ್ಮೆ ಹೊರತೆಗೆದು ಗೆಡ್ಡೆ ಬಿಡಿಸಿ ಹೊಸ ಮಣ್ಣು. ಟೆರೇಸಿನ ಗಾಳಿಗೆ ಎಲೆ ಉಳಿಯುವುದು ಕಷ್ಟ, ಪ್ಯಾರಾಪೆಟ್‌ನ ಮರೆಯಲ್ಲಿ ಇಡಿ.

ಬೀಜದಿಂದಲೂ ಗಿಡ ಮಾಡಬಹುದು. ತಿರುಳು ತೊಳೆದು, ಒಂದೆರಡು ದಿನ ನೆನೆಸಿ, ತೆಂಗಿನ ನಾರಿನ ಹುಡಿಯಲ್ಲಿ ಬಿತ್ತಬೇಕು. ಎಲ್ಲವೂ ಒಟ್ಟಿಗೆ ಹುಟ್ಟುವುದಿಲ್ಲ, ಕೆಲವು ತಿಂಗಳುಗಟ್ಟಲೆ ಕಾಯಿಸುತ್ತವೆ. ಹತ್ತಿರ ಆರ್ನೇಟಾ ಇದ್ದರೆ ಮಿಶ್ರತಳಿ ಹುಟ್ಟುವ ಸಾಧ್ಯತೆಯೂ ಇದೆ. ತಾಯಿಯಂಥದ್ದೇ ಗಿಡ ಬೇಕಾದವರಿಗೆ ಕಂದೇ ಸರಿ. ಕೇಳಿದವರಿಗೆ ನಾನು ಚೌತಿ ಕಳೆದ ಮೇಲೆಯೇ ಕಂದು ಕೊಡುವುದು. ಬೇರು ಹೆರೆದು, ತುದಿ ಎಲೆ ಕೊಯ್ದು, ಗೆಡ್ಡೆಯನ್ನು ಅವರ ಎದುರೇ ತಿರುಗಿಸಿ ತೋರಿಸಿ, ಜತೆಗೊಂದು ಪೊಟ್ಟಣ ಬೂದಿ ಕಟ್ಟಿಕೊಡುತ್ತೇನೆ. ದಿಬ್ಬ ಕಟ್ಟಿ ಇಟ್ಟವರಿಗೆ ಮೊದಲ ಸರದಿ.